ಬಸವಂತಪ್ಪನ ‘ನೋಡೂಣು’

ಪರದೇಶದ ಸಣ್ಣ ಊರು ಸ್ಟೌಫ್‌ವಿಲ್‌ನ ಆ ಮನೆಯಲ್ಲಿ ಸಂಜೆ ಊಟಕ್ಕೆ ಮೂರು ತಟ್ಟೆ ಮತ್ತು ಒಂದು ಫೋನು ಇಡುತ್ತಿದ್ದರು. ತಟ್ಟೆಗಳು ಅಕ್ಕಮ್ಮನಿಗೆ, ಅವಳ ಸೊಸೆ ಪ್ರಭಾಗೆ, ಮೊಮ್ಮಗಳು ಸಾಹಿತ್ಯಗೆ. ಫೋನು ಮನೆಯ ಯಜಮಾನ ಬಸವಂತಪ್ಪನ ಜಾಗದಲ್ಲಿ, ಉಪ್ಪಿನಕಾಯಿ ಭರಣಿಗೆ ಬೆನ್ನು ಕೊಟ್ಟು ಕೂರುತ್ತಿತ್ತು. ಬಸವಂತಪ್ಪ ದೂರದ ಉತ್ತರದಲ್ಲಿ ಚಿನ್ನದ ಗಣಿಯೊಂದರ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಅಲ್ಲಿಗೆ ರಸ್ತೆಯಿಲ್ಲ, ವಿಮಾನದಲ್ಲೇ ಹೋಗಬೇಕು, ವಿಮಾನದಲ್ಲೇ ಬರಬೇಕು. ಮೂರು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ ಎಂದು ಕಂಪನಿಯವರು ಹೇಳಿದ್ದರು. ಆದರೆ ಯಾರಿಗೋ ಹುಷಾರಿಲ್ಲ, ಯಾರೋ ಕೆಲಸ ಬಿಟ್ಟರು ಎಂದು ಒಂದಲ್ಲ ಒಂದು ನೆವ ಹುಟ್ಟಿ ಅವನ ಆ ಒಂದು ವಾರವೂ ಅಲ್ಲೇ ಕರಗಿಹೋಗುತ್ತಿತ್ತು. ಹಾಗೆಂದು ಅವನೇನು ಮನೆ ಮರೆತವನಲ್ಲ. ಒಂದು ಸಂಜೆಯೂ ಫೋನು ತಪ್ಪಿಸುತ್ತಿರಲಿಲ್ಲ.

“ಗ್ಯಾರೇಜ್ ಬಾಗಿಲಾ ಹಾಕೀರೇನು?” ಇದು ಅವನ ಮೊದಲ ಪ್ರಶ್ನೆ.

“ಹಾಕೀವ್ರಿ,” ಪ್ರಭಾಳ ಉತ್ತರ.

“ಫರ್ನೇಸಿನ ಫಿಲ್ಟರ್?”

“ಬದಲಿ ಮಾಡೀನ್ರಿ. ಮನಿ ಬೆಚ್ಚಗೈತ್ರಿ.”

“ಸಾಹಿತ್ಯಾ, ಕೆಮಿಸ್ಟ್ರಿ ಟೆಸ್ಟ್ ಏನಾತು?”

“ಫೈನ್, ಅಪ್ಪಾ.”

ಅಷ್ಟರಲ್ಲಿ ಅಕ್ಕಮ್ಮ ಫೋನನ್ನು ಎತ್ತಿಕೊಂಡು ಒಂದೊಂದೇ ಪಾತ್ರೆಯ ಮೇಲೆ ತಿರುಗಿಸುತ್ತಿದ್ದಳು. “ನೋಡಪಾ, ಇವತ್ತ ಎಣಗಾಯಿ. ಶೇಂಗಾ ಪುಡಿ ತುಸು ಜಾಸ್ತಿ ಬಿದ್ದೈತಿ. ಇದು ಹೆಸರಕಾಳು. ಇದು ಮೊಸರು.”

“ಅಜ್ಜಿ, ದೇವರಿಗೆ ನೈವೇದ್ಯ ಆತೇನು? ಈಗ ನಾ ತಿನ್ಲಾ?” ಎಂದು ಸಾಹಿತ್ಯ ದಿನಾ ಕೇಳುತ್ತಿದ್ದಳು. ಹದಿನೇಳರ ಹುಡುಗಿಗೆ ಹಸಿವೂ ಜಾಸ್ತಿ, ಬಾಯಿಯೂ ಜಾಸ್ತಿ.

ಇಷ್ಟು ಚೊಕ್ಕಟವಾಗಿ ದೂರದಿಂದಲೇ ಮನೆ ನಡೆಸುತ್ತಿದ್ದ ಬಸವಂತಪ್ಪನ ಹತ್ತಿರ ದೊಡ್ಡ ವಿಷಯಕ್ಕೆ ಮಾತ್ರ ಒಂದೇ ಉತ್ತರ ಇರುತ್ತಿತ್ತು. “ನೋಡೂಣು.” ಹಿತ್ತಲ ಡೆಕ್ಕಿನ ಹಲಗೆ ಕೊಳೆತಿದೆ ಎಂದರೆ ನೋಡೂಣು. ಮಗಳು ಕ್ಲಾಸಿನವರ ಜೊತೆ ಕ್ಯೂಬೆಕ್‌ಗೆ ಹೋಗಲೇ ಎಂದರೆ ನೋಡೂಣು. ಹತ್ತಿರದ ಬೋಲ್ಟನ್ನಿನಲ್ಲಿ ಅವನು ಮೊದಲು ಕೆಲಸ ಮಾಡುತ್ತಿದ್ದ ಗೋದಾಮು ಮುಚ್ಚಿದ್ದರಿಂದಲೇ ಅವನು ಗಣಿಗೆ ಹೋಗಿದ್ದ. ಈಗ ಅದರ ಪಕ್ಕದಲ್ಲೇ ಇನ್ನೊಂದು ದೊಡ್ಡ ಗೋದಾಮು ತೆರೆದು, “ಬಾರಪ್ಪಾ, ಹುದ್ದೆ ಸಣ್ಣದು, ಆದರೆ ದಿನಾ ಮನೆಗೆ ಹೋಗಬಹುದು” ಎಂದು ಕರೆದಿದ್ದರು. ಅವರಿಗೂ ಇಂಗ್ಲಿಷಿನಲ್ಲಿ ನೋಡೂಣು ಅಂದು ಕೂತಿದ್ದ. ಬೇಡ ಎನ್ನಲು ಅವನಿಗೆ ಮನಸ್ಸಿಲ್ಲ, ಆಗಲಿ ಎನ್ನಲು ಧೈರ್ಯವಿಲ್ಲ. ಮನುಷ್ಯ ಒಳ್ಳೆಯವನೇ. ಆದರೆ ಈ ಶಬ್ದ ಒಂದು ಸಲ ಅವನ ಬಾಯಿಂದ ಬಿತ್ತೆಂದರೆ ಆ ವಿಷಯ ಅಲ್ಲಿಗೆ ಸತ್ತಿತು ಎಂದು ಮನೆಯ ಹೆಂಗಸರಿಗೆ ಗೊತ್ತಿತ್ತು.

ಮಾರ್ಚ್ ತಿಂಗಳ ಒಂದು ಸಂಜೆ ಪ್ರಭಾ ರೊಟ್ಟಿ ಮುರಿಯುತ್ತ ಫೋನಿನ ಕಡೆ ನೋಡದೆಯೇ ಮಾತು ತೆಗೆದಳು.

“ರೀ, ಸಾಲಿ ಬಸ್ಸಿಗೆ ಡ್ರೈವರ್ ಬೇಕಂತ. ಬಸ್ಸಿನ ಹಿಂದ ಬರದಾರ. ಟ್ರೇನಿಂಗ್ ಅವರೇ ಕೊಡ್ತಾರ, ಲೈಸೆನ್ಸೂ ಅವರೇ ಮಾಡಿಸ್ತಾರ. ಮುಂಜಾನೆ ಒಂದೆರಡು ತಾಸು, ಮಧ್ಯಾಹ್ನ ಒಂದೆರಡು ತಾಸು. ನಾ ಫೋನ್ ಮಾಡಿ ಹೆಸರು ಕೊಟ್ಟೀನಿ. ಸೇರ್ಲೇನು?”

ಪರದೆಯ ಮೇಲೆ ಬಸವಂತಪ್ಪನ ಮುಖ ಅಲ್ಲಾಡದೆ ನಿಂತಿತು. ನೆಟ್‌ವರ್ಕ್ ಹೋಯಿತೇನೋ ಎಂದು ಸಾಹಿತ್ಯ ಫೋನನ್ನು ತಟ್ಟಿದಳು. ನೆಟ್‌ವರ್ಕ್ ಇತ್ತು.

“ಬಸ್ಸಾ?”

“ಹೂಂನ್ರಿ. ಹಳದಿ ಬಸ್ಸು.”

“ನೋಡೂಣು,” ಅಂದ ಬಸವಂತಪ್ಪ. “ಗ್ಯಾರೇಜ್ ಬಾಗಿಲಾ ಹಾಕೀರಿಲ್ಲೋ?”

ಅಂದು ಪಾತ್ರೆ ತೊಳೆಯುವಾಗ ಸಿಂಕಿನ ಸದ್ದು ತುಸು ಜೋರಾಗಿತ್ತು. ಅಕ್ಕಮ್ಮ ಸೋಫಾದಿಂದಲೇ ಹೇಳಿದಳು, “ಅಂವ ನೋಡೂಣು ಅಂದಾನ. ಅಂದ್ರ ಬ್ಯಾಡ ಅಂತ. ತಿಳೀತಿಲ್ಲೋ?”

“ತಿಳೀತ್ರಿ ಅತ್ತೀ. ಮದುವಿ ಆಗಿ ಇಪ್ಪತ್ತು ವರ್ಷ ಆತು.”

“ಅಲ್ಲವಾ, ಗದಗಿನ್ಯಾಗ ಹೈಸ್ಕೂಲಿಗೆ ಗಣಿತ ಕಲಿಸಿದಾಕಿ ಇಲ್ಲಿ ಬಂದು ಬಸ್ಸು ಹೊಡೀತೀ? ಊರಾಗಿನ ಮಂದಿ ಏನಂದಾರು?”

“ಊರಾಗಿನ ಮಂದಿ ನನಗ ಈಗ ಏನಂತಾರ್ರಿ? ಏನೂ ಅನ್ನಂಗಿಲ್ಲ. ಅವರಿಗೆ ನಾ ನೆನಪೂ ಇಲ್ಲ.”

ಅದು ನಿಜವೇ ಆಗಿತ್ತು. ಗಂಡ ಮನೆಯಲ್ಲಿದ್ದಷ್ಟು ವರ್ಷ ಪ್ರಭಾ ಲೈಸೆನ್ಸ್ ಇದ್ದೂ ಪಕ್ಕದ ಸೀಟಿನಲ್ಲೇ ಕೂತಿದ್ದಳು. ಅವನು ಉತ್ತರಕ್ಕೆ ಹೋದ ಮೊದಲ ಚಳಿಗಾಲದಲ್ಲಿ ಅಕ್ಕಮ್ಮನ ಹಲ್ಲು ನೋವೆದ್ದು, ಹಿಮ ಸುರಿಯುತ್ತಿದ್ದಾಗಲೇ ಅವಳು ಗಾಡಿ ತೆಗೆಯಬೇಕಾಯಿತು. ಹೋಗುವಾಗ ದಾರಿಯುದ್ದಕ್ಕೂ ಶಿವಶಿವ ಅಂದಳು. ಬರುವಾಗ ಅನ್ನಲಿಲ್ಲ. ಅಂದಿನಿಂದ ಅವಳಿಗೆ ಸ್ಟೀರಿಂಗ್ ಹಿಡಿದರೆ ಒಂಥರಾ ಖುಷಿ, ಎಷ್ಟೋ ವರ್ಷದ ಮೇಲೆ ತನ್ನ ಕೈಗೆ ಒಂದು ಕೆಲಸ ಸಿಕ್ಕಂಥ ಖುಷಿ. ಬಸ್ಸಿನ ಬೋರ್ಡು ಕಂಡ ದಿನ ಅವಳು ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ಗಾಡಿ ಎತ್ತದೆ ಹಿಂದಿನವರಿಂದ ಹಾರ್ನ್ ಹೊಡೆಸಿಕೊಂಡಿದ್ದಳು. ಆ ಕೆಲಸ ಅವಳಿಗೆ ಬೇಕಿತ್ತು. ಬಾಯಿಬಿಟ್ಟು ಕೇಳಿದ್ದು, ಮದುವೆಯಾದ ಮೇಲೆ, ಅದೊಂದೇ.

ಶುಕ್ರವಾರ ಪ್ರಭಾ ರೊಟ್ಟಿ ತಟ್ಟುತ್ತಿದ್ದಾಗ ಅವಳ ಫೋನು ರಿಂಗಾಯಿತು. ಎರಡೂ ಕೈ ಹಿಟ್ಟು. ಸಾಹಿತ್ಯ ಎತ್ತಿಕೊಂಡಳು.

“ಮಮ್ಮೀ, ಬಸ್ ಯಾರ್ಡಿಂದ ನೀನಾ ಅಂತ, ಟ್ರೇನರ್. ಮಂಡೇ ಕ್ಲಾಸ್ ಸ್ಟಾರ್ಟ್ ಅಂತ. ನೀ ಬರ್ತೀಯೇನು ಅಂತ ಕೇಳಾಕತ್ತಾಳ.”

ಪ್ರಭಾ ತಟ್ಟುವುದನ್ನು ನಿಲ್ಲಿಸಲಿಲ್ಲ. ಮುಖಕ್ಕೆ ಹೊಡೆದಂತೆ ಇಲ್ಲ ಅನ್ನುವುದು ಹೇಗೆ? ಅವಳೂ ಗದಗಿನವಳೇ ತಾನೆ. “ನೋಡೂಣು ಅಂತ ಹೇಳು,” ಅಂದಳು.

ಸಾಹಿತ್ಯ ಫೋನಿಗೆ ಬಾಯಿ ಹಚ್ಚಿ, “ಯೆಸ್, ಶೀ ವಾಂಟ್ಸ್ ಟು ಸೀ ಇಟ್! ಶೀ ವಿಲ್ ಬಿ ದೇರ್,” ಅಂದು ಇಟ್ಟುಬಿಟ್ಟಳು.

“ಏನಂದಿ?”

“ನೋಡೂಣು ಅಂತ ಅಂದೆ. ಲೆಟ್ಸ್ ಸೀ. ನೀ ನೋಡಾಕ ಬರ್ತೀ ಅಂತ. ಹಂಗಲ್ಲೇನು?”

“ಅಯ್ಯ ನಿನ್ನ! ನೋಡೂಣು ಅಂದ್ರ ಬರಂಗಿಲ್ಲ ಅಂತ!”

“ವಾಟ್? ಹೆಂಗ? ನೋಡು ಅಂದ್ರ ಸೀ. ನೋಡೂಣು ಅಂದ್ರ ಲೆಟ್ಸ್ ಸೀ. ನೀನೇ ಕಲಿಸಿದ್ದು!”

ಸೋಫಾದ ಮೇಲಿದ್ದ ಅಕ್ಕಮ್ಮ ಹಣೆ ಬಡಿದುಕೊಂಡಳು. ಪ್ರಭಾ ಹಿಟ್ಟಿನ ಕೈಯಲ್ಲೇ ಫೋನು ಕಿತ್ತುಕೊಂಡಳು. ನಂಬರು ಕಣ್ಣ ಮುಂದೆ ಇತ್ತು. ಒತ್ತಿ, ತಪ್ಪಾಯಿತು ಕ್ಷಮಿಸಿ ಎಂದರೆ ಮುಗಿಯುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅವಳು ಫೋನು ಕೆಳಗಿಟ್ಟು ರೊಟ್ಟಿ ತಿರುವಿದಳು.

“ಹೇಳಿ ಬಿಟ್ಟಾಳ. ಈಗ ಹೋಗದಿದ್ರ ಚಲೋ ಕಾಣಂಗಿಲ್ಲ,” ಅಂದಳು. “ನೋಡಿ ಬರ್ತೀನಿ. ಬರೇ ನೋಡಿ.”

“ಹೋಗವಾ, ಹೋಗಿ ನೋಡು,” ಅಂದಳು ಅಕ್ಕಮ್ಮ. “ನಾ ಬ್ರೆಡ್ ತಿಂದು ಸಾಯ್ತೀನಿ.”

ಸೋಮವಾರದಿಂದ ಅಕ್ಕಮ್ಮ ನಿಜವಾಗಿಯೂ ಬ್ರೆಡ್ಡು ತಿನ್ನತೊಡಗಿದಳು. ಮಧ್ಯಾಹ್ನ ಸೊಸೆ ಮನೆಗೆ ಬಂದು ಬಿಸಿ ರೊಟ್ಟಿ ಬಡಿಸಲು ಹೋದರೆ, “ಬ್ಯಾಡ, ನನ್ನದಾತು” ಎಂದು ಬರಿಯ ಬ್ರೆಡ್ಡಿನ ಚೂರನ್ನು ಎಲ್ಲರಿಗೂ ಕಾಣುವಂತೆ ಅಗಿಯುತ್ತಿದ್ದಳು. ಬ್ರೆಡ್ಡೆಂದರೆ ಅವಳಿಗೆ ಮೊದಲಿನಿಂದಲೂ ಆಗದು. ಪ್ರಭಾ ಜಗಳ ಕಾಯಲಿಲ್ಲ. ಅಂದೇ ರಾತ್ರಿ ಕೂತು ಖಡಕ್ ರೊಟ್ಟಿ ಒಂದು ದೊಡ್ಡ ಡಬ್ಬಿ ತುಂಬ ಮಾಡಿ, ಪಕ್ಕಕ್ಕೆ ಗುರೆಳ್ಳು ಚಟ್ನಿ ಇಟ್ಟು, “ಅತ್ತೀ, ಡಬ್ಬಿ ಇಲ್ಲೈತಿ, ಗುಳಿಗಿ ಇಲ್ಲೈತಿ” ಎಂದು ತೋರಿಸಿ ಹೋಗುತ್ತಿದ್ದಳು. ನಾಲ್ಕನೆಯ ದಿನ ಡಬ್ಬಿಯಲ್ಲಿ ರೊಟ್ಟಿ ಕಡಿಮೆಯಾಗಿತ್ತು. ಪ್ರಭಾ ಮತ್ತೆ ತುಂಬಿಸಿಟ್ಟಳು.

ಯಾರ್ಡಿನಲ್ಲಿ ನೀನಾ ಎಂಬ ಆ ಟ್ರೇನರ್, ಹಿಂದಿ ಮಾತಾಡುವ ಬ್ರಾಂಪ್ಟನ್ನಿನ ಗಟ್ಟಿ ಹೆಂಗಸು, ಪ್ರಭಾಳನ್ನು ಮೊದಲ ದಿನವೇ ಬಸ್ಸಿನ ಚಾಲಕನ ಸೀಟಿನಲ್ಲಿ ಕೂರಿಸಿದ್ದಳು. “ಡರೋ ಮತ್, ಹೆದರಬೇಡ,” ಅಂದಳು. “ಬಸ್ಸು ದೊಡ್ಡದು, ಆದರೆ ನಿನ್ನ ಮಾತು ಕೇಳುತ್ತೆ. ಮನೆಯಲ್ಲಿ ಯಾರು ಕೇಳ್ತಾರೆ ಹೇಳು?” ಪ್ರಭಾ ನಕ್ಕಳು. ಅಷ್ಟು ಎತ್ತರದಿಂದ ರಸ್ತೆ ನೋಡಿದ್ದು ಅವಳಿಗೆ ಅದೇ ಮೊದಲು. ಬರೇ ನೋಡಿ ಬರುತ್ತೇನೆ ಎಂದು ಹೋದವಳು ಸಂಜೆ ಮನೆಗೆ ಬಂದು ಮಗಳಿಗೆ ಹೇಳಿದ್ದು ಒಂದೇ ಮಾತು: “ನಾಳೆ ಮುಂಜಾನೆ ಅಲಾರಾಂ ಇಡು.”

ಅಲ್ಲಿಂದ ಶುರುವಾಯಿತು ಪ್ರದಕ್ಷಿಣೆ. ಬಸ್ಸು ಹೊರಡುವ ಮೊದಲು ಡ್ರೈವರ್ ಅದರ ಸುತ್ತ ನಡೆದು ಒಂದೊಂದು ಭಾಗವನ್ನೂ ಮುಟ್ಟಿ, ಅದು ಸರಿಯಿದೆ ಎಂದು ಬಾಯಿಬಿಟ್ಟು ಹೇಳಬೇಕು. ಪರೀಕ್ಷೆಯಲ್ಲಿ ಒಂದು ಬಿಟ್ಟರೂ ಕಷ್ಟ. ಮನೆಯಲ್ಲಿ ಬಸ್ಸಿಲ್ಲವಲ್ಲ, ಪ್ರಭಾ ಊಟದ ಮೇಜನ್ನೇ ಬಸ್ಸು ಮಾಡಿಕೊಂಡಳು. “ಲೆಫ್ಟ್ ಮಿರರ್, ಕ್ಲೀನ್, ನಾಟ್ ಕ್ರ್ಯಾಕ್ಡ್. ಟೈರ್, ನೋ ಕಟ್ಸ್. ಸ್ಟಾಪ್ ಆರ್ಮ್...” ಎಂದು ಕುರ್ಚಿ ಕುರ್ಚಿ ಮುಟ್ಟುತ್ತ ಸುತ್ತುವುದು. ಸ್ಟಾಪ್ ಆರ್ಮ್ ಎಂದರೆ ಮಕ್ಕಳು ಹತ್ತಿಳಿಯುವಾಗ ಬೇರೆ ಗಾಡಿಗಳನ್ನು ನಿಲ್ಲಿಸಲು ಬಸ್ಸಿನ ಪಕ್ಕದಿಂದ ಚಾಚುವ ಬೋರ್ಡಿನ ಕೈ.

“ಏನದು, ಗುಡಿ ಸುತ್ತಿದಂಗ ಸುತ್ತಾಕತ್ತೀ?” ಅಕ್ಕಮ್ಮ ಮೊದಲ ದಿನ ಗೊಣಗಿದಳು. ಎರಡನೆಯ ವಾರಕ್ಕೆ ಗೊಣಗಾಟ ನಿಂತಿತ್ತು. ಮೂರನೆಯ ವಾರದಲ್ಲಿ ಒಂದು ಮಧ್ಯಾಹ್ನ ಪ್ರಭಾ ಎರಡನೇ ಕುರ್ಚಿಯಿಂದ ನಾಲ್ಕನೆಯದಕ್ಕೆ ಜಾರಿದ್ದೇ ತಡ, ಸೋಫಾದಿಂದ ಕೂಗು ಬಂತು:

“ಸ್ಟಾಪ್ ಆರ್ಮ್ ಬಿಟ್ಟಿ!”

ಪ್ರಭಾ ತಿರುಗಿ ನೋಡಿದಳು. ಅಕ್ಕಮ್ಮ ಮೆಂತ್ಯಸೊಪ್ಪು ಬಿಡಿಸುತ್ತ ತಲೆ ಎತ್ತಲಿಲ್ಲ. “ದಿನಾ ಕೇಳಿ ಕೇಳಿ ಕಿವಿಗೆ ಹತ್ತೈತಿ. ಹೇಳದಿದ್ರ ತಪ್ಪಲ್ಲೇನು?”

ಸಂಜೆಯ ಫೋನಿನಲ್ಲಿ ಮಾತ್ರ ಇದೇನೂ ಇರಲಿಲ್ಲ. ಬಾಗಿಲು ಹಾಕಿದೆ, ಫಿಲ್ಟರ್ ಬದಲಾಗಿದೆ, ಕೆಮಿಸ್ಟ್ರಿ ಫೈನ್. ಪರೀಕ್ಷೆ ಪಾಸಾದ ಮೇಲೆ ತಾನೇ ಹೇಳುತ್ತೇನೆ, ಅಲ್ಲಿಯ ತನಕ ಯಾರೂ ಬಾಯಿಬಿಡಬಾರದು ಎಂದು ಪ್ರಭಾ ಹೇಳಿದ್ದಳು. ಈಗಲೇ ಹೇಳಿದರೆ ಇನ್ನೊಂದು ನೋಡೂಣು ಬಂದು ಬೀಳುತ್ತದೆ, ಅದನ್ನು ದಾಟುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಭಯ. ಅಕ್ಕಮ್ಮ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. “ನಾ ಯಾಕ ಸುಳ್ಳ ಹೇಳ್ಲಿ? ಕೇಳಿದ್ರ ಹೇಳ್ತೀನಿ,” ಅಂದಿದ್ದಳು. ಪ್ರತಿ ಸಂಜೆ ಅವಳು ಫೋನು ಎತ್ತಿಕೊಂಡಾಗ ಪ್ರಭಾ ಕೈಯ ತುತ್ತನ್ನು ತಟ್ಟೆಗೇ ಇಳಿಸುತ್ತಿದ್ದಳು.

ಏಪ್ರಿಲ್ ಕೊನೆಗೆ ಒಂದು ಸಂಜೆ ಸಿಕ್ಕಿಬಿದ್ದರು. ಅಕ್ಕಮ್ಮ ಎಂದಿನಂತೆ ಪಾತ್ರೆ ತಿರುಗಿಸಿ, ಕಡಲೆಹಿಟ್ಟಿನ ಜುಣಕ ತೋರಿಸುತ್ತ ಫೋನನ್ನು ತುಸು ಜಾಸ್ತಿ ತಿರುಗಿಸಿಬಿಟ್ಟಳು.

“ತಡಿ ಯವ್ವಾ, ಹಿಂದಕ್ಕ ತಿರುಗಿಸು,” ಅಂದ ಬಸವಂತಪ್ಪ. “ಕುರ್ಚಿ ಮ್ಯಾಲೆ ಅದೇನು ಹಳದಿ? ಸೇಫ್ಟಿ ವೆಸ್ಟ್ ಇದ್ದಂಗ ಐತಿ. ಯಾರದದು?”

ಹೊಳೆಯುವ ಪಟ್ಟಿಯ ಆ ವೆಸ್ಟನ್ನು ಯಾರ್ಡಿನಿಂದ ಬಂದ ಪ್ರಭಾ ಕುರ್ಚಿಗೆ ಹಾಕಿ ಮರೆತಿದ್ದಳು. ಬಾಯಿ ತೆರೆದಳು.

“ನಂದು,” ಅಂದಳು ಅಕ್ಕಮ್ಮ.

“ನಿಂದಾ?”

“ಹೂಂ. ವಾಕಿಂಗಿಗೆ. ಇಲ್ಲಿ ಗಾಡಿ ಜೋರ ಬರ್ತಾವ. ಕಾಣಬ್ಯಾಡೇನು ಮತ್ತ?” ಎಂದವಳೇ ಫೋನನ್ನು ಸಾಹಿತ್ಯಳ ಕೈಗೆ ಕೊಟ್ಟು, ಎದ್ದು ಹೋಗಿ, ಇಳಕಲ್ ಸೀರೆಯ ಮೇಲೆ ಆ ವೆಸ್ಟು ತೊಟ್ಟು, ಕೊರಳತನಕ ಜಿಪ್ಪು ಎಳೆದುಕೊಂಡು ಫೋನಿನ ಮುಂದೆ ನಿಂತಳು. “ನೋಡು. ಬರೋಬ್ಬರಿ ಐತಿಲ್ಲೋ?”

ಬಸವಂತಪ್ಪ ಬಹಳ ದಿನಗಳ ಮೇಲೆ ನಕ್ಕ. “ಚಲೋ ಐತಿ ಯವ್ವಾ. ಹಾಕ್ಕೊಂಡೇ ಹೋಗು,” ಅಂದ. ಸಾಹಿತ್ಯಗೆ ನಗು ತಡೆಯಲಾಗದೆ ಫೋನು ಜುಣಕದ ಬಟ್ಟಲಿಗೆ ಬೀಳುವುದರಲ್ಲಿತ್ತು. ಫೋನಿಟ್ಟ ಮೇಲೆ ಪ್ರಭಾ ಅತ್ತೆಯ ಹತ್ತಿರ ಬಂದು ನಿಂತಳು.

“ಅತ್ತೀ, ಯಾಕ್ರಿ?”

“ಏನ್ ಯಾಕ? ಈ ಜಿಪ್ಪ ಬಿಚ್ಚು ಮೊದಲ. ಕುತ್ತಿಗಿ ಹಿಡೀತೈತಿ.”

ಮೇ ತಿಂಗಳ ನಡುವೆ ಪ್ರಭಾ ಪಾಸಾದಳು. ಅದೇ ಸಂಜೆ, ಬಾಗಿಲಿನ ಪ್ರಶ್ನೆ ಬರುವ ಮೊದಲೇ, ಫೋನನ್ನು ತಾನೇ ನೆಟ್ಟಗೆ ಮಾಡಿ ಕೂತಳು.

“ರೀ, ನಾ ಬಸ್ಸಿನ ಲೈಸೆನ್ಸ್ ತಗೊಂಡೆ. ಸೋಮವಾರದಿಂದ ರೂಟ್ ಕೊಟ್ಟಾರ.”

ಬಸವಂತಪ್ಪನ ಕೈಯಲ್ಲಿದ್ದ ಚಮಚ ಕೆಳಗಿಳಿಯಿತು. “ಏನು? ಯಾವಾಗ? ನಾ ನೋಡೂಣು ಅಂದಿದ್ದೆ!”

“ಹೌದ್ರಿ. ನೀವು ನೋಡೂಣು ಅಂದ್ರಿ. ನಾ ನೋಡಿ ಬಂದೆ. ಚಲೋ ಐತ್ರಿ.”

“ಚ್ಯಾಷ್ಟಿ ಮಾಡಾಕತ್ತೀಯೇನು? ಅವ್ವಗ ಸಕ್ಕರಿ ಐತಿ. ಮಧ್ಯಾಹ್ನ ಗುಳಿಗಿ ಯಾರು ಕೊಡ್ತಾರ? ಇನ್ನೊಬ್ಬರ ಮಕ್ಕಳ ಜವಾಬ್ದಾರಿ ಬ್ಯಾರೆ. ಒಂದು ಹೆಚ್ಚುಕಮ್ಮಿ ಆದ್ರ? ನಾ ಇಲ್ಲಿ ಯಾರ ಸಲುವಾಗಿ ದುಡ್ಯಾಕತ್ತೀನಿ?”

“ಮಧ್ಯಾಹ್ನ ನಾ ಮನ್ಯಾಗೇ ಇರ್ತೀನ್ರಿ. ಗುಳಿಗಿ ತಪ್ಪಿಲ್ಲ, ಕೇಳ್ರಿ ಅವರನ್ನ.” ಪ್ರಭಾ ಫೋನನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. “ಮಕ್ಕಳ ಜವಾಬ್ದಾರಿ ನನಗ ಕಲಿಸ್ಯಾರ. ಎಲ್ಲಾ ಹುಡುಗೂರು ಇಳದ ಮ್ಯಾಲೆ ನಾ ಎದ್ದು ಕಟ್ಟಕಡೀ ಸೀಟಿನ ತನಕಾ ನಡದು ನೋಡ್ಬೇಕು, ಯಾವ ಕೂಸರೇ ನಿದ್ದಿ ಹತ್ತಿ ಉಳದೈತೇನು ಅಂತ. ಕುಂತಲ್ಲಿಂದ ನೋಡಿದ್ರ ನಡ್ಯಂಗಿಲ್ಲ. ನಮ್ಮ ಬಸ್ಸಿನ್ಯಾಗ ನೋಡೂದು ಅಂದ್ರ ಎದ್ದು ಹೋಗಿ ನೋಡೂದ್ರಿ.”

“ಅಂದ್ರ ನಾ ಕುಂತು ನೋಡಾಂವ ಅಂತೀ?”

ಪರದೆ ಕಪ್ಪಾಯಿತು. ಈ ಸಲವೂ ನೆಟ್‌ವರ್ಕಿನದೇನೂ ತಪ್ಪಿರಲಿಲ್ಲ.

ಮರುದಿನ ಸಂಜೆ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಉಪ್ಪಿನಕಾಯಿ ಭರಣಿ ಒಂಟಿಯಾಗಿ ಕೂತಿತ್ತು. ಸಾಹಿತ್ಯ ಕಳಿಸಿದ ಮೆಸೇಜಿಗೆ ‘ಬಿಜಿ’ ಎಂದು ಒಂದೇ ಶಬ್ದ ಬಂತು. ಗ್ಯಾರೇಜ್ ಬಾಗಿಲು ಹಾಕಿದೆಯೇ ಎಂದು ಕೇಳುವವರೇ ಇಲ್ಲದೆ ಪ್ರಭಾ ಎರಡೆರಡು ಸಲ ಹೋಗಿ ನೋಡಿ ಬಂದಳು. ಅವಳಿಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಬಿಟ್ಟುಬಿಡಲೇ ಎಂದು ಒಮ್ಮೆ ಅನಿಸಿದ್ದೂ ಸುಳ್ಳಲ್ಲ. ಆದರೂ ಸೋಮವಾರ ನಸುಕಿನಲ್ಲಿ ಎದ್ದು, ಅತ್ತೆಯ ಡಬ್ಬಿ ತುಂಬಿಸಿ, ವೆಸ್ಟು ತೊಟ್ಟು ಯಾರ್ಡಿಗೆ ಹೋದಳು. ಬಸ್ಸಿನ ಸುತ್ತ ನಡೆದಳು. ಸ್ಟಾಪ್ ಆರ್ಮ್ ಬಿಡಲಿಲ್ಲ.

ಅಂದು ಸಂಜೆ ಅಕ್ಕಮ್ಮ ತಟ್ಟೆಯ ಮುಂದೆ ಕೂತು ಊಟ ಮುಟ್ಟಲಿಲ್ಲ.

“ಸಾಹಿತ್ಯಾ, ನಿಮ್ಮಪ್ಪಗ ಫೋನ್ ಹಚ್ಚು.”

“ಅಜ್ಜಿ, ಅಪ್ಪ ಎತ್ತಂಗಿಲ್ಲ. ಹೀ ಈಸ್ ಮ್ಯಾಡ್.”

“ನಾ ಹಚ್ಚೀನಿ ಅಂತ ಬರಿ. ಎತ್ತತಾನ.”

ಎತ್ತಿದ. ಅಕ್ಕಮ್ಮ ಪಾತ್ರೆಗಳನ್ನು ತೋರಿಸಲಿಲ್ಲ. ಫೋನನ್ನು ಭರಣಿಗೆ ಒರಗಿಸಿ, ಕೈ ಕಟ್ಟಿಕೊಂಡು ಕೂತಳು.

“ಉಂಡಿಯೇನು?”

“ಹೂಂ ಯವ್ವಾ.”

“ಸುಳ್ಳ ಹೇಳಬ್ಯಾಡ. ಮುಖ ನೋಡಿದ್ರ ಗೊತ್ತಾಗತೈತಿ. ಕೇಳು ಬಸು. ನೀ ಮೂರು ವರ್ಷದಾಂವ ಇದ್ದಿ. ನಿಮ್ಮಪ್ಪ ರೈಲ್ವೇ ಗಾರ್ಡ, ಗುಂತಕಲ್ಲಿನ್ಯಾಗ ಇದ್ದ. ವಾರಕ್ಕೊಮ್ಮೆ ಬರ್ತಿದ್ದ. ನಮ್ಮ ಓಣಿಯಾಗ ಬಾಲವಾಡಿ ತೆಗದ್ರು. ಟೀಚರ್ ಆಗ್ತೀರೇನು ಅಕ್ಕಮ್ಮ, ನೀವು ಏಳನೇ ಇಯತ್ತೆ ಪಾಸಾಗೀರಿ ಅಂತ ಮನೀಗೇ ಬಂದು ಕೇಳಿದ್ರು. ನಾ ನಿಮ್ಮಪ್ಪನ್ನ ಕೇಳಿದೆ. ಏನಂದ ಗೊತ್ತೇನು?”

ಬಸವಂತಪ್ಪನಿಗೆ ಗೊತ್ತಾಗಿತ್ತು.

“ನೋಡೂಣು ಅಂದ. ನಾ ಕಾದೆ. ಪ್ರತಿ ವಾರ ಬಂದಾಗ ಇವತ್ತ ಹೇಳ್ಯಾನು, ಇವತ್ತ ಹೇಳ್ಯಾನು ಅಂತ ಕಾದೆ. ಅಷ್ಟರಾಗ ಅವರು ಹಿಂದಿನ ಮನಿ ಹುಡುಗೀನ್ನ ತಗೊಂಡ್ರು. ಮುಂದ ನಿನ್ನ ಅದೇ ಬಾಲವಾಡಿಗೆ ಹಾಕಿದ್ವಿ. ದಿನಾ ನಿನ್ನ ಕೈಹಿಡದು ಬಾಗಿಲ ತನಕ ಬಿಟ್ಟು ಬರ್ತಿದ್ದೆ. ಒಳಗ ಆಕಿ ಹಾಡು ಕಲಿಸ್ತಿದ್ಲು. ನಾ ಹೊರಗ ನಿಂತು ಕೇಳ್ತಿದ್ದೆ. ನನಗ ಬಾಳ ಕೆಟ್ಟ ಅನಸ್ತಿತ್ತು ಬಸು. ಯಾರಿಗೂ ಹೇಳಲಿಲ್ಲ. ನಿಮ್ಮಪ್ಪನೂ ಕೆಟ್ಟಾಂವ ಇರಲಿಲ್ಲ. ಬ್ಯಾಡ ಅಂದಿದ್ರ ಜಗಳಾನಾದ್ರೂ ಮಾಡ್ತಿದ್ದೆ.”

ಮೇಜಿನ ಆಚೆ ಬದಿ ಪ್ರಭಾ ಸೆರಗಿಲ್ಲದ ಕುರ್ತಾದ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು. ಇಪ್ಪತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಕಳೆದ ಅವಳಿಗೂ ಇದು ಗೊತ್ತಿರಲಿಲ್ಲ.

“ಇಲ್ಲೀ ತನಕಾ ನೋಡೂಣು ಅಂದಿ. ಈಗ ಬಂದು ನೋಡು,” ಅಂದಳು ಅಕ್ಕಮ್ಮ. “ಈ ಸಲ ರಜಾ ಬಿಡಬ್ಯಾಡ. ಆತಿಲ್ಲೋ? ಇಡು. ನನ್ನ ರೊಟ್ಟಿ ಆರಾಕತ್ತೈತಿ.”

ಜೂನ್ ಮೊದಲ ವಾರದಲ್ಲಿ ಬಸವಂತಪ್ಪ ಬಂದ. ವಿಮಾನ ಇಳಿದು, ಯೂನಿಯನ್ ಸ್ಟೇಷನ್ನಿನಿಂದ ರೈಲು ಹಿಡಿದು ಸ್ಟೌಫ್‌ವಿಲ್‌ನಲ್ಲಿ ಇಳಿದರೆ ಪ್ರಭಾ ಕಾರು ತಂದಿದ್ದಳು. ಅವನು ರೂಢಿಯಂತೆ ಚಾಲಕನ ಬಾಗಿಲಿಗೆ ಹೋದ. ಒಳಗೆ ಅವಳು ಬೆಲ್ಟು ಹಾಕಿ ಕೂತಾಗಿತ್ತು. ಒಂದು ಗಳಿಗೆ ನಿಂತು, ಆಚೆ ಬದಿಗೆ ಸುತ್ತಿ ಹೋಗಿ ಕೂತ. ದಾರಿಯಲ್ಲಿ ಅವನು ಎರಡು ಸಲ ಇಲ್ಲದ ಬ್ರೇಕನ್ನು ತುಳಿದ. ಅವಳು ನೋಡಿಯೂ ನೋಡದಂತಿದ್ದಳು.

ಮರುದಿನ ಮುಂಜಾನೆ ಪ್ರಭಾ ಹೋದ ಮೇಲೆ ಅಕ್ಕಮ್ಮ ಮಗನನ್ನು ಎಬ್ಬಿಸಿದಳು. “ಏಳು, ಮೂಲಿಗೆ ಹೋಗೂಣು. ಆಕಿ ಬಸ್ಸು ಅಲ್ಲೇ ಬರತೈತಿ.” ತಾನು ಮಾತ್ರ ಹಳದಿ ವೆಸ್ಟು ತೊಟ್ಟೇ ಬಂದಳು. ಪ್ರಭಾ ಅವಳಿಗೊಂದು ಬೇರೆ ತಂದುಕೊಟ್ಟಿದ್ದಳು.

ರಸ್ತೆಯ ಆಚೆ ಬದಿ ನಾಲ್ಕೈದು ಮಕ್ಕಳು ಬ್ಯಾಗು ಹೊತ್ತು ನಿಂತಿದ್ದರು. ಬಸ್ಸು ಬಂತು. ಕೆಂಪು ದೀಪ ಮಿನುಗಿ, ಪಕ್ಕದಿಂದ ಸ್ಟಾಪ್ ಬೋರ್ಡಿನ ಕೈ ಚಾಚಿಕೊಂಡಿತು. ಎರಡೂ ಕಡೆಯ ಕಾರುಗಳು, ಒಂದು ದೊಡ್ಡ ಕಸದ ಲಾರಿ ಸಮೇತ, ನಿಂತವು. ಮಕ್ಕಳು ಹತ್ತಿದರು. ಮೇಲೆ ಕೂತ ಪ್ರಭಾ ಕನ್ನಡಿಯಿಂದ ಕನ್ನಡಿಗೆ ಕಣ್ಣು ಹೊರಳಿಸುತ್ತಿದ್ದಳು. ಗಂಡನನ್ನು ಕಂಡಳು, ಖಂಡಿತ ಕಂಡಳು, ಆದರೆ ಕೈ ಬೀಸಲಿಲ್ಲ, ನಗಲಿಲ್ಲ. ಕೊನೆಯ ಮಗು ಕೂತ ಮೇಲೆಯೇ ಆ ಬೋರ್ಡಿನ ಕೈ ಮಡಚಿಕೊಂಡಿತು. ಬಸ್ಸು ಹೋಯಿತು.

“ಲಾರೀನೂ ನಿಂತಿತು,” ಅಂದ ಬಸವಂತಪ್ಪ.

“ನಿಂದ್ರಲೇಬೇಕು. ಕಾಯ್ದೆ ಐತಿ,” ಅಂದಳು ಅಕ್ಕಮ್ಮ, ತಾನೇ ನಿಲ್ಲಿಸಿದವಳಂತೆ. “ನೋಡಿದಿಲ್ಲೋ?”

“ನೋಡಿದೆ ಯವ್ವಾ.”

ಸಂಜೆ ಊಟಕ್ಕೆ ನಾಲ್ಕು ತಟ್ಟೆ ಇಟ್ಟರು. ಬಸವಂತಪ್ಪ ತನ್ನ ಜಾಗದಲ್ಲಿ ಕೂತು, ಎದುರಿಗಿದ್ದ ಉಪ್ಪಿನಕಾಯಿ ಭರಣಿಯನ್ನು ಸುಮ್ಮನೆ ತಿರುಗಿಸುತ್ತಿದ್ದ. ಆಮೇಲೆ ಮಗಳ ಕಡೆ ನೋಡಿ, “ತಪ್ಪು ನಮ್ಮದೇ. ಈಕಿಗೆ ಕನ್ನಡ ಬರೋಬ್ಬರಿ ಕಲಿಸಿಲ್ಲ. ನೋಡೂಣು ಅಂದ್ರ ಏನಂತ ತಿಳೀದ ಎಲ್ಲಾ ಉಲ್ಟಾ ಮಾಡಿಟ್ಟಾಳ,” ಅಂದ. ದನಿಯಲ್ಲಿ ಅಷ್ಟೇನೂ ಸಿಟ್ಟಿರಲಿಲ್ಲ.

ಸಾಹಿತ್ಯ ರೊಟ್ಟಿಯಲ್ಲಿ ಪಲ್ಯ ಹಿಡಿದವಳು ಅಲ್ಲೇ ನಿಲ್ಲಿಸಿದಳು. “ಅಪ್ಪಾ, ಸೀರಿಯಸ್ಲೀ? ಹದಿನೇಳು ವರ್ಷದಿಂದ ಕೇಳಾಕತ್ತೀನಿ. ನನಗ ಗೊತ್ತಿಲ್ಲೇನು?”

ಪ್ರಭಾ ತಿರುಗಿದಳು. “ಏನಂದಿ? ಗೊತ್ತಿದ್ದೇ ಹಂಗ ಹೇಳಿದಿಯೇನು?”

“ನೀ ರೊಟ್ಟಿ ತಟ್ಟೂದು ನೋಡಿದ್ದೆ ಮಮ್ಮೀ. ಅಷ್ಟು ಜೋರ ಯಾರರೇ ತಟ್ಟತಾರೇನು? ಯೂ ವಾಂಟೆಡ್ ಇಟ್ ಸೋ ಬ್ಯಾಡ್ಲಿ.” ಹುಡುಗಿ ತುತ್ತು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು.

ಅಕ್ಕಮ್ಮ ಮೊಮ್ಮಗಳ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು.

ಬಸವಂತಪ್ಪ ಗಂಟಲು ಸರಿಮಾಡಿಕೊಂಡ. “ಇನ್ನೊಂದು ಮಾತೈತಿ,” ಅಂದ. “ಕಂಪನಿಯವರು ಇನ್ನ ಎರಡು ವರ್ಷಕ್ಕ ಬರಕೊಡು ಅಂತಾರ. ಸೀನಿಯರ್ ಮಾಡ್ತಾರಂತ. ಬೋಲ್ಟನ್ನಿನವರೂ ಮತ್ತ ಫೋನ್ ಮಾಡಿದ್ರು. ನಾ ಇಬ್ಬರಿಗೂ...” ಎಂದು ನಿಲ್ಲಿಸಿದ. ಇಬ್ಬರಿಗೂ ಏನು ಹೇಳಿದ್ದಾನೆಂದು ಮೇಜಿನ ಸುತ್ತ ಎಲ್ಲರಿಗೂ ಗೊತ್ತಿತ್ತು. “ನೀ ಏನಂತೀ ಪ್ರಭಾ?”

ಇಪ್ಪತ್ತು ವರ್ಷದಲ್ಲಿ ಅವನು ಹೀಗೆ ಕೇಳಿದ್ದು ಇದೇ ಮೊದಲು. ಸಾಹಿತ್ಯ ಬಾಯಿಗೆ ಕೈ ಅಡ್ಡ ಹಿಡಿದಳು. ಅಕ್ಕಮ್ಮನ ತುಟಿಯಲ್ಲೂ ನಗು ಬಂದಿತ್ತು. ಈಗ ಇವಳು ಏನು ಹೇಳುತ್ತಾಳೆ, ಯಾವ ಶಬ್ದ ಅವನಿಗೆ ತಿರುಗಿಸಿ ಕೊಡುತ್ತಾಳೆ ಎಂದು ಇಬ್ಬರೂ ಕಾದರು. ಬಸವಂತಪ್ಪನೂ ಅದಕ್ಕೇ ತಯಾರಾಗಿ ತಲೆ ತಗ್ಗಿಸಿದ್ದ.

“ಬ್ಯಾಡ್ರಿ,” ಅಂದಳು ಪ್ರಭಾ.

ಅವನು ತಲೆ ಎತ್ತಿದ.

“ನಿಮ್ಮಂಗ ನಾ ನೋಡೂಣು ಅನ್ನಂಗಿಲ್ಲ. ಎರಡು ವರ್ಷ ಬ್ಯಾಡ. ಸೀನಿಯರ್ ಬ್ಯಾಡ. ಬೋಲ್ಟನ್ನಿನವರಿಗೆ ಹೂಂ ಅನ್ರಿ. ಹುದ್ದೆ ಸಣ್ಣದಾದ್ರ ಸಣ್ಣದು, ನಾನೂ ದುಡಿತೀನಿ. ನನಗ ನೀವು ಮನ್ಯಾಗ ಬೇಕು. ಫೋನಿನ್ಯಾಗಲ್ಲ.”

ಬಸವಂತಪ್ಪನ ಬಾಯಿ ತೆರೆಯಿತು. “ನೋ...” ಎಂದು ನಾಲಿಗೆ ರೂಢಿಯ ದಾರಿ ಹಿಡಿದೇಬಿಟ್ಟಿತ್ತು. ಮೂರೂ ಹೆಂಗಸರ ಕೈ ತಟ್ಟೆಯ ಮೇಲೆ ಹಾಗೇ ನಿಂತವು. ಅಕ್ಕಮ್ಮ ಮಗನನ್ನು ನೋಡಿದಳು, ಸಿಟ್ಟಿಲ್ಲದೆ, ಬರಿಯ ಕಾಯುವ ಕಣ್ಣಿನಿಂದ.

ಅವನು ಬಾಯಿ ಮುಚ್ಚಿದ.

“ಆತು,” ಅಂದ.

“ಕೇಳಿಸಲಿಲ್ಲ,” ಅಂದಳು ಅಕ್ಕಮ್ಮ.

“ಆತು ಯವ್ವಾ! ನಾಳೆ ಮುಂಜಾನೆ ಫೋನ್ ಮಾಡ್ತೀನಿ. ಆತು.”

ಆಮೇಲೆ ಉಪ್ಪಿನಕಾಯಿ ಭರಣಿಯನ್ನು ಎತ್ತಿ ಮೇಜಿನ ನಡುವೆ, ಎಲ್ಲರ ಕೈಗೂ ಸಿಗುವಲ್ಲಿ ಇಟ್ಟು, ಪ್ರಭಾಳ ಮುಂದೆ ತಟ್ಟೆ ಚಾಚಿದ. ಅವಳು ರೊಟ್ಟಿ ಹಾಕುತ್ತ ಕೇಳಿದಳು:

“ರೀ, ಗ್ಯಾರೇಜ್ ಬಾಗಿಲಾ ಹಾಕೀರೇನು?”

ಬಸವಂತಪ್ಪ ಎದ್ದು ಹೋಗಿ ನೋಡಿ ಬಂದ.